ಹಳಿಯಾಳದಾಗ ವಿಚಾರಿಸೂದು

ಪಾಳಾದ ಮದುವೆ ಮನೆಗೆ ಬರೀ ಬಿಳಿ ಬಟ್ಟೆ ಹೋಗಿತ್ತು. ಹಳಿಯಾಳದ ನಲವತ್ತನೇ ದಿನದ ಫಾತಿಹಾಕ್ಕೆ ಮದುಮಕ್ಕಳು ಕೂರುವ ಸಿಂಹಾಸನ ಹೋಗಿತ್ತು. ಜೊತೆಗೆ ಬಣ್ಣದ ದೀಪದ ಸರ, ಥರ್ಮೋಕೋಲಿನ ಎರಡು ನವಿಲು.

ತೀರಿಕೊಂಡ ಹಿರಿಯರ ಮಗ ಆ ನವಿಲುಗಳನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ದಾಂಡೇಲಿಯ ಶಾಮಿಯಾನಾ ಅಂಗಡಿಗೆ ಫೋನ್ ಮಾಡಿದ. ಎತ್ತಿದವಳು ಇಶ್ರತ. ಆತ ಅಂದದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಇಶ್ರತ ಮಾತ್ರ ಕೊನೆಯವರೆಗೂ ಕೇಳಿ, ಕ್ಷಮೆ ಕೇಳಿ, ಫೋನ್ ಇಟ್ಟು, ಬಾಗಿಲ ಕಡೆಗೆ ಮುಖ ಮಾಡಿ ಕೂತಳು. ಟೆಂಪೋ ವಾಪಸು ಬರಲೇಬೇಕಲ್ಲ.

ಅಂಗಡಿ ಶೌಕತ ಚಾಚಾನದು. ಮೊದಲೆಲ್ಲ ಚಾಚಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಾವ ಸಾಮಾನು ಯಾವ ಊರಿಗೆ ಅಂತ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಬುಕಿಂಗ್ ನೋಡಿಕೊಳ್ಳಲು ಬಂದ ಇಶ್ರತ ಆ ಕೂಗಾಟ ನಿಲ್ಲಿಸಿ, ಎಲ್ಲರ ಮೊಬೈಲಿಗೂ ಒಂದು ಆ್ಯಪ್ ಹಾಕಿಸಿದ್ದಳು. ಲೋಡ್ ಮಾಡಿಸುವವನು ಫೈಜಾನ, ಚಾಚಾನ ಅಕ್ಕನ ಮಗ. ಅವನು ಆ ಆ್ಯಪನ್ನು ನಂಬಿ ಗಾಡಿ ತುಂಬಿದ ಮೊದಲ ದಿನವೇ ನವಿಲು ಹಳಿಯಾಳಕ್ಕೆ ಹಾರಿತ್ತು.

"ಬೇಕಂತ ಮಾಡೀರಿ," ಎಂದಳು ಇಶ್ರತ, ಅವನು ಒಳಗೆ ಕಾಲಿಡುತ್ತಿದ್ದ ಹಾಗೆ.

"ಯಾರರ ಬೇಕಂತ ಸತ್ತವರ ಮನಿಗೆ ನವಿಲು ಕಳಸ್ತಾರೇನ್ರಿ?"

"ಕಳಸ್ತಾರ. ಆ್ಯಪ್ ತಂದಾಕಿ ನಾನು. ನನ್ನ ಹೆಸರು ಕೆಡ್ಲಿ ಅಂತ ಕಳಸ್ತಾರ."

ಮನೆಯಲ್ಲಿ ಇಬ್ಬರದೂ ಉರ್ದು. ಆದರೆ ಅಂಗಡಿಯಲ್ಲಿ ಎಲ್ಲರ ಜೊತೆ ಕನ್ನಡ, ಹಾಗಾಗಿ ಜಗಳವೂ ಕನ್ನಡದಲ್ಲೇ ನಡೆಯುತ್ತಿತ್ತು. ಟೆಂಪೋ ಓಡಿಸುವ ಭೋಜಪ್ಪ ಬಾಗಿಲಿಗೆ ಒರಗಿ ಕೇಳುತ್ತಿದ್ದ. ಪಾಳಾ ಅವನ ಸ್ವಂತ ಊರು, ಮದುವೆ ಅವನ ತಂಗಿ ಪ್ರೇಮಾಬಾಯಿಯ ಮನೆಯದು.

"ನನ್ನ ತಂಗಿ ಇನ್ನ ಮ್ಯಾಲ ನನ್ನ ಜೋಡಿ ಮಾತಾಡೂದಿಲ್ಲ ನೋಡ್ರಿ," ಎಂದ ಅವನು, ಇಬ್ಬರಿಗೂ ಸೇರಿಸಿ.

ಫೈಜಾನ ಮೊಬೈಲ್ ಚಾಚಿದ. ಇಶ್ರತ ನೋಡಿದಳು. ಸಿಂಹಾಸನ, ಬಿಳಿ ಬಟ್ಟೆ, ನವಿಲು, ಕುರಾನ್ ಇಡುವ ರಿಹಾಲ್, ಎಲ್ಲವೂ ಒಂದರ ಕೆಳಗೆ ಒಂದು ಸಾಲಾಗಿ ನಿಂತಿದ್ದವು. ಯಾವುದು ಯಾರ ಮನೆಗೆ ಎಂಬ ಹೆಡ್ಡಿಂಗ್ ಮಾತ್ರ ಒಂದೂ ಇರಲಿಲ್ಲ. ಅವಳಿಗೆ ತಪ್ಪು ತಿಳಿಯಿತು. ತಪ್ಪು ಅರ್ಧ ತನ್ನದು ಅಂತಲೂ ತಿಳಿಯಿತು, ಅದನ್ನು ಹೇಳಲಿಲ್ಲ.

"ಫಿಲ್ಟರ್ ಹಾಕೀರಿ. ಇವತ್ತಿಂದು, ಫೈಜಾನಂದು ಅಂತ ಕೇಳೀರಿ. ಅದು ಬರೇ ಅಷ್ಟ ಸೋಸಿ ಕೊಟ್ಟೈತಿ. ಈ ಎಣ್ಣಿ ಸುರಿಯೂ ಲಾಳಿಕಿ ಚಿತ್ರ ಐತಲ್ಲ, ಇದನ್ನ ಒತ್ತಿ, 'ಹೆಡ್ಡಿಂಗ್ ಸಮೇತ' ಅನ್ರಿ. ಆವಾಗ ಮ್ಯಾಲ ಊರು, ಅದರೊಳಗ ಕೆಲಸ, ಕೆಲಸದೊಳಗ ಸಾಮಾನು, ಹಂಗ ಕಾಣ್ತೈತಿ."

"ಮತ್ತ ನನ್ನ ಕೆಲಸ ಇಲ್ಲದ ಹೆಡ್ಡಿಂಗ?"

"ಅದು ಕಾಣೂದಿಲ್ಲ. ಒಳಗ ನಿಮ್ಮದು ಒಂದರ ಬಾಕಿ ಇದ್ರ ಹೆಡ್ಡಿಂಗ ಇರ್ತೈತಿ. ಎಲ್ಲಾ ಮುಗೀತಂದ್ರ ತಾನ ಹೋಗಿಬಿಡ್ತೈತಿ... ಎಲ್ಲಿ ನೋಡಾಕತ್ತೀರಿ?"

"ಫಿಲ್ಟರ್."

"ಫಿಲ್ಟರ್ ಫೋನಿನ್ಯಾಗ ಐತಿ."

ಅವನು ತಟ್ಟನೆ ಫೋನಿನ ಕಡೆ ನೋಡಿದ. ಕಿವಿ ಕೆಂಪಗಾಗಿದ್ದವು. ಇಶ್ರತ ಕೈ ಹಿಂದಕ್ಕೆ ಎಳೆದುಕೊಂಡಳು. ಈದ್ ಹಬ್ಬದ ಮೆಹಂದಿ ಬೆರಳ ತುದಿಯಲ್ಲಿ ಮಾತ್ರ ಉಳಿದಿತ್ತು. ಅದನ್ನು ನೋಡುವಂಥದ್ದು ಏನಿದೆ ಅಂತ ಮನೆಗೆ ಹೋಗುವ ದಾರಿಯಲ್ಲೆಲ್ಲ ಯೋಚಿಸಿದಳು. ಯೋಚಿಸಿ, ಇವನಿಗೆ ಏನೋ ಬೇಕಾಗಿದೆ, ಹುಷಾರಾಗಿರಬೇಕು ಎಂದುಕೊಂಡಳು.

ಅವಳ ಸ್ವಭಾವವೇ ಹಾಗೆ ಅಂತ ಅಲ್ಲ, ಹಾಗಾಗಿತ್ತು. ಹಳಿಯಾಳದ ಒಬ್ಬನ ಜೊತೆ ಅವಳ ಮಂಗನಿ, ಅಂದರೆ ನಿಶ್ಚಿತಾರ್ಥ, ಆಗಿ ಮುರಿದಿತ್ತು. ಯಾಕೆ ಮುರಿಯಿತು ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಜನ ಸುಮ್ಮನಿರುತ್ತಾರೆಯೇ, ತಮಗೆ ತೋಚಿದ್ದನ್ನು ಹೇಳಿಕೊಂಡರು. ಅಂದಿನಿಂದ ಅವಳು ಎಲ್ಲವನ್ನೂ ಎರಡೆರಡು ಸಲ ನೋಡುತ್ತಾಳೆ. ಬಾಗಿಲಿಗೆ ಬೀಗ ಹಾಕಿ ಜಗ್ಗುತ್ತಾಳೆ. ಯಾರಾದರೂ ಚಂದ ಕಾಣ್ತೀ ಅಂದರೆ, ಮುಂದಿನ ಮಾತು ಏನಿರಬಹುದು ಅಂತ ಕಾಯುತ್ತಾಳೆ.

ಫೈಜಾನನ ಮುಂದಿನ ಮಾತು ಮಾತ್ರ ಬರಲೇ ಇಲ್ಲ. ಅದೇ ಅವಳಿಗೆ ದೊಡ್ಡ ಅನುಮಾನ.

ಅವನು ಆ್ಯಪನ್ನು ಹುಚ್ಚು ಹಿಡಿದವರಂತೆ ಬಳಸತೊಡಗಿದ. ಅಂಗಡಿಯ ಕೆಲಸದ ಜೊತೆ ತನ್ನ ಮನೆಯ ಕೆಲಸವನ್ನೂ ಅದರಲ್ಲೇ ಹಾಕಿದ. ಆಗಾಗ ಮಗಳು ಚುನ್ನಿಯನ್ನು ಕರೆದುಕೊಂಡು ಅಂಗಡಿಗೆ ಬರುವ ಅಕ್ಕ ಸುಗರಾಳನ್ನೂ ಸೇರಿಸಿಕೊಂಡ. ಎಲ್ಲರ ಪಟ್ಟಿಯೂ ಇಶ್ರತಳಿಗೆ ಕಾಣುತ್ತಿತ್ತು, ಆದರೆ ಅವಳು 'ಅಂಗಡಿ' ಅಂತ ಫಿಲ್ಟರ್ ಹಾಕಿ ಅವನ ಮನೆಯದನ್ನು ಮುಚ್ಚಿಡುತ್ತಿದ್ದಳು. ಅನುಮಾನ ಬೇರೆ, ಮಂದಿಯ ಮನೆಯಲ್ಲಿ ಇಣುಕುವುದು ಬೇರೆ, ಅನ್ನುವುದು ಅವಳ ನಿಯಮ.

ಕೆಲಸದ ಕೆಳಗೆ ಟಿಪ್ಪಣಿ ಬರೆಯಲು ಜಾಗವಿತ್ತು. ಅಲ್ಲಿ ಶುರುವಾಯಿತು. ಕುಂಬಾರವಾಡದ ಲೋಡಿನ ಕೆಳಗೆ ಅವನು, "ಬಸ್ ಬರಲಿಲ್ಲಂತ. ಮದುಮಗನ ಮಾವ ನಮ್ಮ ಟೆಂಪೋದಾಗ ದೇಗಿನೊಳಗ ಕುಂತು ಬಂದಾರ," ಅಂತ ಬರೆದ. ಬಿರಿಯಾನಿ ಬೇಯಿಸುವ ದೇಗಿನಲ್ಲಿ ಕೂತ ಮಾವನನ್ನು ನೆನೆದು ಇಶ್ರತ ಒಬ್ಬಳೇ ನಕ್ಕಳು. ನಕ್ಕು, "ದೇಗು ತೊಳದ ಕಳಸ್ರಿ," ಅಂತ ಉತ್ತರ ಬರೆದಳು. ಅವನು ತೊಳೆದು, ಫೋಟೋ ತೆಗೆದು ಹಾಕಿದ. ಫೋಟೋದಲ್ಲಿ ದೇಗಿನ ಹೊಳಪಿನೊಳಗೆ ಅವನ ಮುಖ ಅಡ್ಡಡ್ಡ ಹಿಗ್ಗಿ ಕಾಣುತ್ತಿತ್ತು. ಅದನ್ನು ಬೇಕಂತಲೇ ತೆಗೆದನೋ ಹೇಗೋ ಅಂತ ಅವಳು ಎರಡು ದಿನ ನೋಡಿದಳು. ಫೋಟೋ ಅಳಿಸಲಿಲ್ಲ.

ಒಂದು ಮಧ್ಯಾಹ್ನ, ಕಾಗದ ಮಿಲ್ಲಿನ ಪಾಳಿಯ ಭೋಂಗಾ ಕೂಗಿ ನಿಂತ ಮೇಲೆ, ಅವನು ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಪೆಂಡಾಲಿನ ಹಗ್ಗ ಇತ್ತು, ಅದನ್ನು ಗಂಟು ಹಾಕುತ್ತ ಬಿಚ್ಚುತ್ತ ಇದ್ದ.

"ಬರೂ ಶುಕ್ರವಾರ ಜುಮ್ಮಾ ನಮಾಜ ಆದ ಮ್ಯಾಲ ನಮ್ಮ ಸುಗರಾ ಆಪಾ ನಿಮ್ಮ ಮನಿಗೆ ಬರ್ತಾಳ. ನಿಮ್ಮ ಅಮ್ಮೀನ ಕೇಳಾಕ. ನೀವು ಬ್ಯಾಡ ಅಂದ್ರ ಬರೂದಿಲ್ಲ."

"ಏನ ಕೇಳಾಕ?"

"ನಿಮಗ ಗೊತ್ತೈತಿ."

"ಗೊತ್ತಿಲ್ಲ. ಹೇಳ್ರಿ."

ಅವನು ಹಗ್ಗ ಕೆಳಗಿಟ್ಟ. "ನಿಮ್ಮನ್ನ ಕೇಳಾಕ್ರಿ. ನನಗ."

ಇಶ್ರತ ಬಹಳ ಹೊತ್ತು ಅವನನ್ನೇ ನೋಡಿದಳು. ಕಣ್ಣಲ್ಲಿ ಕಳ್ಳತನ ಎಲ್ಲಾದರೂ ಇದೆಯೇ ಅಂತ ಹುಡುಕಿದಳು. ಸಿಗಲಿಲ್ಲ. "ಬರ್ಲಿ," ಎಂದಳು. ಅವಳ ಎದೆ ಹೊಡೆದುಕೊಳ್ಳುತ್ತಿದ್ದದ್ದು ಅವನಿಗೆ ಕೇಳಿಸದಿರಲಿ ಅಂತ ಕ್ಯಾಲ್ಕುಲೇಟರಿನ ಗುಂಡಿ ಜೋರಾಗಿ ಒತ್ತಿದಳು. ಸಂತೋಷಕ್ಕೆ ಅವತ್ತು ರಾತ್ರಿ ಅವಳಿಗೆ ಊಟವೂ ಸೇರಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಇಶ್ರತ ಮರುದಿನದ ಗಾಡಿ ಪಟ್ಟಿ ತೆಗೆದಳು. ಭೋಜಪ್ಪನಿಗೆ ವಾಟ್ಸಾಪಿನಲ್ಲಿ ಚಿಕ್ಕದಾಗಿ ಕಳಿಸಬೇಕು, ಉದ್ದ ಇದ್ದರೆ ಅವನು ಓದುವುದಿಲ್ಲ. ಅದಕ್ಕೆ ಅವಳು ಹೆಡ್ಡಿಂಗ್ ಬಿಟ್ಟು, ಶುಕ್ರವಾರ, ಫೈಜಾನ, ಅಂತ ಎರಡು ಫಿಲ್ಟರ್ ಹಾಕಿದಳು. 'ಅಂಗಡಿ' ಅನ್ನುವುದನ್ನು ಒತ್ತಲು ಮರೆತಳು.

ನಾಲ್ಕು ಸಾಲು ಬಂದವು.

ಖುಷ್ಬೂಗ ಹಸಿರು ಲೆಹೆಂಗಾ ತರೂದು.
ಖಾಜಿ ಸಾಹೇಬ್ರಿಗೆ ಫೋನ್.
ಗುಲಾಬಿ ಸೆಹ್ರಾ, ಜೋಡಿ.
ಹಳಿಯಾಳದಾಗ ವಿಚಾರಿಸೂದು.

ಇಶ್ರತಳ ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು.

ಖುಷ್ಬೂ ಅಂದರೆ ಯಾರು? ಲೆಹೆಂಗಾ, ನಿಕಾಹ ಓದಿಸುವ ಖಾಜಿ, ಮದುಮಕ್ಕಳ ಮುಖಕ್ಕೆ ಕಟ್ಟುವ ಹೂವಿನ ಸೆಹ್ರಾ. ಅಂಗಡಿಯಲ್ಲಿ ಶುಕ್ರವಾರಕ್ಕೆ ಯಾವ ನಿಕಾಹವೂ ಬುಕ್ ಆಗಿರಲಿಲ್ಲ, ಬುಕ್ ಮಾಡುವವಳು ತಾನೇ. ಇನ್ನು ವಿಚಾರಿಸುವುದು ಅಂದರೆ ಏನೆಂದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಸಂಬಂಧ ಬೆಳೆಸುವ ಮೊದಲು ಹುಡುಗಿಯ ಓಣಿಯಲ್ಲಿ ನಾಲ್ಕು ಮನೆ ಕೇಳುವುದು. ಅಂದರೆ ಹಳಿಯಾಳದಲ್ಲಿ ಒಬ್ಬಳು ಖುಷ್ಬೂ ಇದ್ದಾಳೆ. ಇಶ್ರತಳ ಮನೆಗೆ ಬರುವ ಮಾತು ಮಾತ್ರ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಶುಕ್ರವಾರ ಇದೆ, ಖಾಜಿ ಇದ್ದಾರೆ, ಅವಳು ಇಲ್ಲ.

ಎಲ್ಲವನ್ನೂ ಎರಡು ಸಲ ನೋಡುವ ಇಶ್ರತ ಇದನ್ನು ಒಂದೇ ಸಲ ನೋಡಿದಳು. ಭಯಪಟ್ಟದ್ದೇ ಎದುರಿಗೆ ಬಂದಾಗ ಅದು ಸುಳ್ಳಿರಬಹುದು ಅಂತ ಅವಳಿಗೆ ಅನಿಸಲೇ ಇಲ್ಲ. ಲಾಳಿಕೆಯ ಗುಂಡಿ ಬೆರಳಿನ ಪಕ್ಕದಲ್ಲೇ ಇತ್ತು. ಅವಳು ಫೋನ್ ಬೋರಲು ಹಾಕಿ, ಮೇಜಿನ ಮೇಲಿನ ಫೋನಿನಿಂದ ಮನೆಗೆ ಹಚ್ಚಿ ಉರ್ದುವಿನಲ್ಲಿ ಅಂದಳು.

"ಅಮ್ಮಿ, ನಾಳೆ ಯಾರೂ ಬರೂದ ಬ್ಯಾಡ ಅಂತ ಹೇಳಿಬಿಡು."

"ಯಾಕ? ಏನಾತು?"

"ಮತ್ತ ಅದ ಆತು."

ಮಗಳ ಧ್ವನಿ ಅಮ್ಮಿಗೆ ಗೊತ್ತಿತ್ತು. "ಸಂಜೀ ತನಕ ತಡೀತೇನಿ. ಅಷ್ಟರಾಗ ಅವನನ್ನ ಮುಖ ನೋಡಿ ಕೇಳು. ಆಮ್ಯಾಲ ನೀ ಹೇಳಿದ್ದ ಹೇಳ್ತೇನಿ."

ಫೈಜಾನ ಕುಳಗಿಯಲ್ಲಿದ್ದ. ಅರಣ್ಯ ಇಲಾಖೆಯ ಕ್ಯಾಂಪಿನಲ್ಲಿ ಶಾಲೆ ಮಕ್ಕಳ ಶಿಬಿರಕ್ಕೆ ಪೆಂಡಾಲ್ ಹಾಕುವ ಕೆಲಸ. ಮೈಕಿನ ವೈರ್ ಅಂಗಡಿಯಲ್ಲೇ ಬಿಟ್ಟು ಹೋಗಿದ್ದರು, ಭೋಜಪ್ಪ ಅದನ್ನು ಒಯ್ಯಲು ಬಂದಿದ್ದ. ಇಶ್ರತ ವೈರಿನ ಸುರುಳಿಯನ್ನು ತಾನೇ ಎತ್ತಿಕೊಂಡು ಟೆಂಪೋ ಹತ್ತಿದಳು.

"ನೀ ಯಾಕವ್ವಾ?"

"ವೈರ್ ಖರೇನ ಕುಳಗಿಗೆ ಮುಟ್ಟತೈತೋ ಇಲ್ಲೋ ನೋಡಬೇಕು."

ಭೋಜಪ್ಪ ಅವಳ ಮುಖ ನೋಡಿ ಗಾಡಿ ಚಾಲೂ ಮಾಡಿದ. ಊರು ದಾಟಿ ಸಾಗವಾನಿ ಮರಗಳು ಶುರುವಾದವು. ಫೋನಿನ ನೆಟ್‌ವರ್ಕ್ ಗೆರೆ ಒಂದೊಂದಾಗಿ ಕಡಿಮೆಯಾಗಿ ಹೋಯಿತು.

ಫೈಜಾನ ಏಣಿಯ ಮೇಲೆ ನಿಂತು ಬಟ್ಟೆ ಬಿಗಿಯುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ಆ ನಗು ನೋಡಿ ಇಶ್ರತಳಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಇಷ್ಟು ಚಂದ ನಗುವವರನ್ನು ಹೇಗೆ ನಂಬುವುದು?

"ಖುಷ್ಬೂ ಯಾರ್ರಿ?"

"ಯಾಕ್ರಿ, ಬಂದಾಳೇನು?"

"ಅಂದ್ರ ಅದಾಳ!"

"ಅದಾಳ. ಎರಡನೇತ್ತಾ ಓದ್ತಾಳ."

ಇಶ್ರತ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪಟ್ಟಿಯ ಸಾಲುಗಳನ್ನು ಬಾಯಿಪಾಠದಂತೆ ಒಪ್ಪಿಸತೊಡಗಿದಳು. ಲೆಹೆಂಗಾ ಅಂದಳು, ಖಾಜಿ ಅಂದಳು, ಸೆಹ್ರಾ ಅಂದಳು, ನಾಲ್ಕನೆಯ ಸಾಲು ಬಿಟ್ಟಳು. "ನಮ್ಮ ಅಮ್ಮಿ ನಾಳೆಗಂತ ಹೊಸಾ ಪರದೆ ಹಾಕ್ಯಾಳ್ರಿ. ಬರೂದಿಲ್ಲಂದ್ರ ಬರೂದಿಲ್ಲ ಅಂತ ಹೇಳಬೇಕಿತ್ತು."

ಫೈಜಾನ ಏಣಿ ಇಳಿದ. ಮೊದಲು ನಗು ಬಂದಿತ್ತು, ಅವಳ ಕಣ್ಣು ನೋಡಿ ಅದನ್ನು ನುಂಗಿದ. ಜೇಬಿನಿಂದ ಫೋನ್ ತೆಗೆದು ಅವಳ ಕೈಗಿಟ್ಟ.

"ಇಲ್ಲಿ ನೆಟ್‌ವರ್ಕ್ ಇಲ್ಲ. ಆದ್ರ ಪಟ್ಟಿ ಫೋನಿನ್ಯಾಗ ಇರ್ತೈತಿ. ಲಾಳಿಕಿ ಒತ್ರಿ. 'ಹೆಡ್ಡಿಂಗ್ ಸಮೇತ' ಅನ್ರಿ. ನೀವ ಕಲಿಸಿದ್ದು."

ಅವಳು ಒತ್ತಿದಳು. ಸಾಲುಗಳು ಚದುರಿ ತಮ್ಮ ತಮ್ಮ ಮನೆ ಸೇರಿಕೊಂಡವು. ಲೆಹೆಂಗಾ 'ಆಪಾ ಮನಿ' ಅನ್ನುವುದರ ಕೆಳಗೆ ಹೋಯಿತು.

"ನಮ್ಮ ಆಪಾನ ಮಗಳು. ನೀವು ಚುನ್ನಿ ಅಂತ ಕರೀತೀರಲ್ಲ, ಅಕೀ ಸಾಲಿ ಹೆಸರು ಖುಷ್ಬೂ. ಸಾಲಿ ವಾರ್ಷಿಕೋತ್ಸವದ ಗ್ಯಾದರಿಂಗಿನ್ಯಾಗ ಕುಣೀತಾಳ."

ಖಾಜಿ ಮತ್ತು ಸೆಹ್ರಾ 'ಮುಂಡಗೋಡ ನಿಕಾಹ' ಎಂಬುದರ ಕೆಳಗೆ ಕೂತವು. ಶೌಕತ ಚಾಚಾ ಬೆಳಿಗ್ಗೆ ಬಸ್ಸಿನಲ್ಲಿ ಸಿಕ್ಕ ಗಿರಾಕಿಯ ಬುಕಿಂಗನ್ನು ಬಸ್ಸಿನಲ್ಲೇ ಕೂತು ಆ್ಯಪಿಗೆ ಸೇರಿಸಿದ್ದ, ಅವಳಿಗೆ ಹೇಳುವುದನ್ನು ಮರೆತಿದ್ದ. ಇಶ್ರತಳ ಮುಖಕ್ಕೆ ರಕ್ತ ನುಗ್ಗಿತು. ಇದೇ ತಪ್ಪಿಗೆ ಅಲ್ಲವೇ ಅವಳು ಅವತ್ತು ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಬೈದಿದ್ದು?

"ಮತ್ತ ನಮ್ಮ ಮನಿಗೆ ಬರೂದು?"

"ಅದು ಆಪಾನ ಕೆಲಸ, ಆಪಾನ ಹೆಸರಿಗೆ ಐತಿ. ನೀವು ಫೈಜಾನ ಅಂತ ಸೋಸಿದ್ರ ಹೆಂಗ ಬರ್ತೈತ್ರಿ?"

ಉಳಿದದ್ದು ಒಂದು ಸಾಲು. ಅವಳು ಬೆರಳಿಂದ ಪಟ್ಟಿಯನ್ನು ಕೆಳಗೆ ಸರಿಸಿದಳು. ಹಳಿಯಾಳದಾಗ ವಿಚಾರಿಸೂದು. ಅದರ ಮೇಲಿನ ಹೆಡ್ಡಿಂಗ್, ಇಶ್ರತ.

ಬರುತ್ತಿದ್ದ ನಗು ಅಲ್ಲೇ ನಿಂತಿತು. ಮೇಲೆ ಕೊಂಬೆಯಲ್ಲಿ ಒಂದು ಮುಸುವ ಕೋತಿ ಕಿರುಚಿ ಇನ್ನೊಂದು ಮರಕ್ಕೆ ಹಾರಿತು.

"ನನ್ನನ್ನ," ಎಂದಳು. "ನನ್ನನ್ನ ವಿಚಾರಿಸೂದು."

ಈ ಸಾಲು ಇದರಲ್ಲಿದೆ ಅನ್ನುವುದನ್ನು ಆ ಗಡಿಬಿಡಿಯಲ್ಲಿ ಫೈಜಾನ ಮರೆತೇಬಿಟ್ಟಿದ್ದ.

"ಆಪಾ ಹೇಳಿದ್ಲು. ಹಳಿಯಾಳದ ಮಂಗನಿ ಯಾಕ ಮುರೀತು ಕೇಳಿಕೊಂಡ ಬಾ ಅಂದ್ಲು. ಅಕೀ ಎದರೀಗೆ ಕುಂತು ಬರಿಸಿದ್ಲು."

"ಕೇಳಿದ್ರೇನು?"

"ಅದರ ಕೆಳಗ ನೋಡ್ರಿ."

ಕೆಲಸದ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಅದರ ಚರಿತ್ರೆ ಇತ್ತು. ಮುಂದಿನ ಶುಕ್ರವಾರಕ್ಕೆ ಮುಂದೂಡಲಾಗಿದೆ. ಅದರ ಕೆಳಗೆ ಮತ್ತೆ ಅದೇ ಮಾತು. ಮತ್ತೆ ಅದೇ. ಅವಳು ಸರಿಸಿದಷ್ಟೂ ಅದೇ ಬರುತ್ತಿತ್ತು.

"ಹಳಿಯಾಳಕ್ಕ ಹೋಗಿದ್ದು ಕಡಿಮಿ ಏನ್ರಿ? ಅದ ಓಣಿ ಬಾಯಾಗ ಕುರ್ಚಿ ಇಳಿಸೇನಿ. ಕೇಳಿದ್ರ ಹೇಳಾವರು ರಗಡ ಮಂದಿ ಇದ್ರು. ಕೇಳಾಕ ಮನಸ್ಸ ಬರಲಿಲ್ಲ. ನಿಮ್ಮ ಮಾತನ್ನ ಮಂದಿ ಬಾಯಿಲೆ ಯಾಕ ಕೇಳಬೇಕು?"

ಇಶ್ರತ ಅಷ್ಟಕ್ಕೆ ಬಿಡುವವಳಲ್ಲ. "ಕೇಳೂದಿಲ್ಲಂದ್ರ ಅಳಿಸಿಬಿಡಬೇಕಿತ್ತು. ಇಟ್ಟೀರಿ ಅಂದ್ರ ಒಂದಲ್ಲ ಒಂದ ದಿನ ಕೇಳೂ ವಿಚಾರ ಇತ್ತು."

"ಅಳಿಸಿದ್ರ ಹೆಡ್ಡಿಂಗ ಹೋಗತಿತ್ತು."

"ಏನು?"

"ಒಳಗ ನಮ್ಮದು ಒಂದರ ಬಾಕಿ ಇದ್ರ ಹೆಡ್ಡಿಂಗ ಇರ್ತೈತಿ, ಇಲ್ಲಂದ್ರ ಕಾಣೂದಿಲ್ಲ ಅಂದಿದ್ರಲ್ಲ. ಆ ಹೆಡ್ಡಿಂಗಿನ್ಯಾಗ ನಂದಂತ ಇದ್ದದ್ದು ಇದೊಂದ ಕೆಲಸ. ಇದನ್ನ ತಗದ್ರ ಮುಂಜಾನೆ ಫೋನ್ ತಗದಾಗ ನಿಮ್ಮ ಹೆಸರ ಇರ್ತಿದ್ದಿಲ್ಲ." ಅವನು ತಲೆ ತಗ್ಗಿಸಿ, ಕಾಲಬುಡದ ಗೂಟವನ್ನು ಚಪ್ಪಲಿಯಿಂದ ಒತ್ತಿದ. "ಅದಕ್ಕ ಮುಂದ ಮುಂದ ಹಾಕಿಕೋತ ಬಂದೆ."

ಇಶ್ರತ ಅವನನ್ನು ನೋಡಿದಳು. ಹುಡುಕಲಿಲ್ಲ, ಸುಮ್ಮನೆ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮನಸ್ಸು ಇನ್ನೊಂದು ಸಲ ನೋಡು ಅಂತ ಹೇಳಲಿಲ್ಲ. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು. ಅದನ್ನು ತೋರಿಸಲು ತಿಳಿಯದೆ ವೈರಿನ ಸುರುಳಿಯನ್ನು ಅವನ ಕೈಗೆ ಕೊಟ್ಟಳು.

"ಕೂಡ್ರಿ," ಎಂದಳು. "ವಿಚಾರಿಸ್ರಿ ನನ್ನ."

ಇಬ್ಬರೂ ಮಡಚಿಟ್ಟ ಬಟ್ಟೆಯ ಗಂಟಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ಅವನು ತನಗ ಸ್ಪೇರ್ ಪಾರ್ಟಿನ ಅಂಗಡಿ ಐತಿ ಅಂದಿದ್ದ. ನಮ್ಮ ಅಬ್ಬಾನ್ನ ಕರಕೊಂಡ ಹೋಗಿ ರೊಕ್ಕದ ಗಲ್ಲೇದ ಮ್ಯಾಲ ಕುಂತು ತೋರಿಸಿದ್ದ, ಚಹಾ ಕುಡಿಸಿದ್ದ. ಮಂಗನಿ ಆದ ಮ್ಯಾಲ ಒಂದಿನ ನಾನು, ಅಮ್ಮಿ ಆ ದಾರೀಲೆ ಹೊಂಟಿದ್ವಿ. ಮಿಠಾಯಿ ಕೊಟ್ಟ ಹೋಗೂಣು ಅಂತ ಒಳಗ ಹೋದ್ವಿ. ಗಲ್ಲೇದ ಮ್ಯಾಲ ಬ್ಯಾರೇದಾವ ಕುಂತಿದ್ದ. ಅಂಗಡಿ ಅವಂದ. ಇವನ ದೋಸ್ತ. ಒಂದ ಮಧ್ಯಾಹ್ನಕ್ಕ ಕೇಳಿ ಇಸಗೊಂಡಿದ್ನಂತ."

"ಮತ್ತ?"

"ಮತ್ತೇನು, ಉಂಗುರ ವಾಪಸ್ ಕಳಿಸಿದೆ. ಅಂಗಡಿ ಇಲ್ಲಂತ ಅಲ್ಲರಿ. ಬಡವ ಅಂದಿದ್ರ ಬಡವನ್ನ ಮಾಡಿಕೋತಿದ್ದೆ. ಹುಡುಗೀದ ಏನೋ ಐಬ ಐತಿ ಅಂತ ಅವರ ಮನಿಯವರ ಹಬ್ಬಿಸಿದ್ರು. ನಾ ಸುಮ್ನಿದ್ದೆ. ತಾ ಮೋಸ ಹೋದೆ ಅಂತ ಊರ ಮುಂದ ಗೊತ್ತಾಗೂದು ಅಬ್ಬಾಗ ಬ್ಯಾಡಾಗಿತ್ತು."

ಅವಳ ಕಣ್ಣು ತುಂಬಿ ಹರಿದವು. ಫೈಜಾನ ಬಹಳ ಗಂಭೀರವಾಗಿ, "ನಾ ಕುಂತಿದ್ದು ನಮ್ಮ ಶೌಕತ ಮಾಮುನ ಬಟ್ಟಿ ಗಂಟ್ರಿ. ನಂದಲ್ಲ. ಮದಲ ಹೇಳಿಬಿಡ್ತೇನಿ," ಎಂದ.

ಇಶ್ರತ ಅಳುತ್ತಿದ್ದವಳು ನಕ್ಕುಬಿಟ್ಟಳು. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡಳು. "ವಿಚಾರಿಸೂದು ಮುಗೀತಲ್ಲ. ಟಿಕ್ ಮಾಡ್ಲಿ?"

"ತಡೀರಿ, ತಡೀರಿ!" ಅವನು ಫೋನ್ ಕಸಿದುಕೊಂಡು, ಅದೇ ಹೆಡ್ಡಿಂಗಿನ ಕೆಳಗೆ ಇನ್ನೊಂದು ಸಾಲು ಬರೆದ. 'ಇವತ್ತಿನ ಅನುಮಾನ ಏನು ಅಂತ ಕೇಳೂದು.' ಅದರ ಮುಂದೆ, 'ದಿನಾ' ಅಂತ ಒತ್ತಿದ. ದಿನಾ ಅಂದರೆ ಎಷ್ಟು ಸಲ ಟಿಕ್ ಮಾಡಿದರೂ ಮರುದಿನ ಬೆಳಿಗ್ಗೆ ಮತ್ತೆ ಬಾಕಿ ಇರುತ್ತದೆ. ಅದನ್ನು ಕಲಿಸಿದವಳೂ ಅವಳೇ.

"ಈಗ ಮಾಡ್ರಿ," ಎಂದ.

ಮೆಹಂದಿ ಮಾಸಿದ ಬೆರಳಿಂದ ಅವಳು ಟಿಕ್ ಒತ್ತಿದಳು. ಈ ಸಲ ಅವನು ಬೆರಳನ್ನೇ ನೋಡಿದ, ಅವಳು ಎಲ್ಲಿ ನೋಡಾಕತ್ತೀರಿ ಅಂತ ಕೇಳಲಿಲ್ಲ.

ಸಂಜೆ ಮೂವರೂ ಟೆಂಪೋದ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಹೊರಟರು. ದಾಂಡೇಲಿ ಹತ್ತಿರವಾಗಿ ನೆಟ್‌ವರ್ಕ್ ಬರುತ್ತಿದ್ದ ಹಾಗೆ ಮೂರೂ ಫೋನು ಒಟ್ಟಿಗೆ ಟಿಣ್ ಅಂದವು. ಯಾರ ಯಾವ ಕೆಲಸ ಮುಗಿದರೂ ಎಲ್ಲರಿಗೂ ಗೊತ್ತಾಗಲಿ ಅಂತ ಇಶ್ರತಳೇ ಮಾಡಿಟ್ಟ ಏರ್ಪಾಡು ಅದು. ಅದು ಈಗ ಅವಳಿಗೆ ನೆನಪಾಯಿತು, ಬಹಳ ತಡವಾಗಿ.

ಭೋಜಪ್ಪ ಗಾಡಿ ಬದಿಗೆ ನಿಲ್ಲಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದ. "ಹಳಿಯಾಳದಾಗ ವಿಚಾರಿಸೂದು, ಮುಗೀತು. ಹೆಡ್ಡಿಂಗ, ಇಶ್ರತ." ತಲೆ ಎತ್ತಿ ಇಬ್ಬರನ್ನೂ ನೋಡಿದ. "ಇದಾದ್ರೂ ಹೆಡ್ಡಿಂಗ ಸಮೇತ ಬಂತಲ್ಲಪ್ಪಾ," ಅಂದು ಗಾಡಿ ಚಾಲೂ ಮಾಡಿದ.

ಇಶ್ರತ ಅಮ್ಮಿಗೆ ಯಾರನ್ನೂ ತಡೆಯಬೇಡ ಅಂತ ಬರೆದು ಕಳಿಸುವಷ್ಟರಲ್ಲಿ ಫೈಜಾನನ ಫೋನ್ ಬಡಿದುಕೊಂಡಿತು. ಸುಗರಾ ಆಪಾ.

"ವಿಚಾರಿಸಿದ್ಯಾ? ಏನಂದ್ರೋ? ಲಗೂನ ಹೇಳು, ನಾಳೆ ಹೋಗೂದೋ ಬ್ಯಾಡೋ?"

ಫೈಜಾನ ಫೋನನ್ನು ಇಶ್ರತಳ ಕೈಗೆ ಕೊಟ್ಟ. ಅವಳು ಬೇಡ ಅಂತ ಕಣ್ಣಿನಲ್ಲೇ ಬೈದಳು, ಅವನು ಕಣ್ಣಿನಲ್ಲೇ ಬೇಡಿಕೊಂಡ. ಅವಳು ಗಂಟಲು ಸರಿ ಮಾಡಿಕೊಂಡಳು.

"ಸಲಾಮ್ ಆಪಾ. ಹುಡುಗಿ ಭಾಳ ಅನುಮಾನದಾಕಿ ಅಂತ್ರಿ. ಬ್ಯಾರೆ ಐಬ ಏನೂ ಇಲ್ಲಂತ. ಉಳಿದದ್ದು ನಾಳೆ ಮನಿಗೆ ಬಂದು ಅಕೀನ್ನ ಕೇಳ್ರಿ, ಎಲ್ಲಾ ಹೇಳ್ತಾಳ."

ಸುಗರಾ ನಕ್ಕದ್ದು ಭೋಜಪ್ಪನವರೆಗೂ ಕೇಳಿಸಿತು.

"ಬರ್ತೇನವಾ. ಜುಮ್ಮಾ ಆದ ಕೂಡ್ಲೆ ಬರ್ತೇನಿ."

"ಖರೇನ ಬರ್ತೀರಲ್ಲ?" ಎಂದಳು ಇಶ್ರತ.